ತೂಫಾನಿಗೆ ಹೊದಿಸಿದ ಶಾಲು

ಎದುರಿನವರ ಮಾತು ಮುಗಿಯುವ ಮೊದಲೇ ಫೋನಿಡುವುದು ಹೃಷಿಕೇಶನ ಹಳೆಯ ಚಾಳಿ. ಆ ದಿನದ ಫಜೀತಿಗೂ ಅದೇ ಕಾರಣ.

ನಾವುಂದದ ಯುವಕ ಮಂಡಲದ ರಾಜೀವ ಬೆಳಿಗ್ಗೆಯೇ ಫೋನ್ ಮಾಡಿದ್ದ. “ಹ್ವಾಯ್ ಹೃಷಿಯಣ್ಣ, ಇವತ್ ಸಂಜಿಗ್ ನಮ್ ವಾರ್ಷಿಕೋತ್ಸವ. ತೂಫಾನ್ ಬ್ಯಾಂಡಿನ್ ಕಾರ್ಯಕ್ರಮ ಇತ್ತ್. ನೀವ್ ಬರ್ಲೇಬೇಕ್. ಎಂತಕಂದ್ರೆ...”

“ಬತ್ತೆ ಮಾರಾಯ, ಬತ್ತೆ,” ಎಂದು ಇವನು ಫೋನಿಟ್ಟ.

ವಿಷಯ ತಿಳಿದ ಹೆಂಡತಿ ಸುಗುಣ ದೋಸೆ ಮಗುಚುತ್ತ ಕೇಳಿದಳು, “ಬ್ಯಾಂಡ್ ಎಲ್ಲಿತ್ತ್? ಇಪ್ಪುದ್ ನೀವೊಬ್ರೇ ಅಲ್ದಾ?”

ಮಾತು ಸುಳ್ಳಲ್ಲ. ಕುಂದಾಪುರದಲ್ಲಿ ರಾಕ್ ಅಂದರೆ ಬಂಡೆಕಲ್ಲು ಅಂತ ತಿಳಿದಿದ್ದ ಕಾಲದಲ್ಲಿ ಹೃಷಿಕೇಶ ಕಟ್ಟಿದ ಬ್ಯಾಂಡು ತೂಫಾನ್. ಸದಸ್ಯರು ಮಾತ್ರ ಬಾಡಿಗೆ ಮನೆಯವರ ಹಾಗೆ ಬದಲಾಗುತ್ತಿದ್ದರು. ಯಾರಿಗಾದರೂ ತನಗಿಂತ ಜಾಸ್ತಿ ಚಪ್ಪಾಳೆ ಬಿದ್ದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ನಡೆ ಅನ್ನಲು ದಾಕ್ಷಿಣ್ಯ ಬೇರೆ. ಅದಕ್ಕೊಂದು ಉಪಾಯ ಹುಡುಕಿಕೊಂಡಿದ್ದ. ಮುಂದಿನ ಕಾರ್ಯಕ್ರಮದಲ್ಲಿ ಆಸಾಮಿಯನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಇಷ್ಟು ವರ್ಷ ಸೇವೆ ಸಲ್ಲಿಸಿದವರು’ ಅಂತ ಮೈಕಿನಲ್ಲಿ ಹೇಳಿಬಿಡುವುದು. ಸನ್ಮಾನ ಆದವನು ಪುನಃ ಕೆಲಸಕ್ಕೆ ಬರುವ ಕ್ರಮ ನಮ್ಮ ಕಡೆ ಇಲ್ಲವಲ್ಲ!

ಡ್ರಮ್ಮಿನ ವೈಕುಂಠ ಹೋದದ್ದು ಹಾಗೆ. ಅವನಿಗೆ ಹೊಸ ಶಾಲು ತರುವಷ್ಟು ಮನಸ್ಸೂ ಬರಲಿಲ್ಲ. ತನ್ನ ಮದುವೆಯಲ್ಲಿ ಮಾವ ಹೊದಿಸಿದ್ದ, ಇಸ್ತ್ರಿಪೆಟ್ಟಿಗೆ ತಾಗಿ ಮೂಲೆ ಸುಟ್ಟ ನೇರಳೆ ಶಾಲನ್ನೇ ಮಡಚಿ ಹೊದಿಸಿದ. ಆಮೇಲೆ ಬೇಸ್ ಗಿಟಾರಿನ ಸೂರ, ಹಾಡುವ ಅಕ್ಷಯಾ. ಅವರ ಜಾಗಕ್ಕೆ ಬಂದವರು ಬಂದ ಹಾಗೇ ಹೋದರು. ಈಗ ಹೃಷಿಕೇಶನಿಗೆ ಆ ಮೂವರನ್ನು ನೆನೆದರೆ ತಾನು ಮಾಡಿದ್ದು ತಪ್ಪು ಅನ್ನಿಸುತ್ತಿತ್ತು. ಅವರ ಜೊತೆ ಒಂದೇ ಒಂದು ಸಲ ವೇದಿಕೆ ಹತ್ತಿದರೆ ಸಾಕಿತ್ತು.

ಗಿಟಾರು ಬೆನ್ನಿಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಮೊದಲು ಹಾಲಾಡಿಗೆ ಹೋದ. ವೈಕುಂಠ ತನ್ನ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತಿದ್ದ.

“ವೈಕುಂಠ, ಸಂಜಿಗ್ ಬಾರ್ಸುಕ್ ಬಾ ಮಾರಾಯ.”

“ಸಂಜಿಗ್ ಬೇರೆ ಕೆಲ್ಸ ಇತ್ತ್ ಅಣ್ಣ.”

“ಅವತ್ತ್ ನಾನ್ ಮಾಡಿದ್ದ್ ತಪ್ಪ್.”

ವೈಕುಂಠನ ಕೈ ನಿಂತಿತು. “ಇದನ್ನ ಆಗ್ಳೇ ಹೇಳಿದ್ರೆ ಲಾಯ್ಕಿತ್ತ್,” ಎಂದು ಮೆಲ್ಲಗೆ ಹೇಳಿ ಪುನಃ ಟ್ಯೂಬಿಗೆ ಬಗ್ಗಿದ.

ಸೂರನ ಫೋನು ಸ್ವಿಚ್ ಆಫ್. ಬ್ರಹ್ಮಾವರದ ಅಕ್ಷಯಾಳ ಮನೆಯಲ್ಲಿ ಅತ್ತೆ ಅಮ್ಮಣ್ಣಿ ಬಾಗಿಲಿನ ಸಂದಿಯಿಂದ ಇಣುಕಿದರು. “ಅವ್ಳ್ ಮನೆಗಿಲ್ಲ. ಶಾಲ್ ಹೊದ್ಸುವ ಹೃಷಿಕೇಶ ನೀವೇ ಅಲ್ದಾ? ನಂಗೆಲ್ಲ ಹೊದ್ಸುದ್ ಬ್ಯಾಡ. ನಾನಿನ್ನೂ ಅಡ್ಗಿ ಕೆಲ್ಸ ಬಿಡುದಿಲ್ಲ.”

ಬಾಗಿಲು ಹಾಕಿಕೊಂಡಿತು. ಕೋಟದ ಹತ್ತಿರ ಸ್ಕೂಟರೂ ಕೈಕೊಟ್ಟಿತು. ಮೀನಿನ ಟೆಂಪೋದಲ್ಲಿ, ಬಂಗುಡೆ ಬುಟ್ಟಿಗಳ ನಡುವೆ ಕೂತು ಹೃಷಿಕೇಶ ನಾವುಂದ ಮುಟ್ಟಿದ. ಬ್ಯಾಂಡಿಲ್ಲ ಅಂತ ಕೈಮುಗಿದು ಹೇಳುವುದೊಂದೇ ಉಳಿದದ್ದು.

ಆದರೆ ರಸ್ತೆಯಲ್ಲೇ ಡ್ರಮ್ಮಿನ ಸದ್ದು ಕೇಳಿತು. ಹಾಗೆ ಬಾರಿಸುವವನು ಈ ಸೀಮೆಯಲ್ಲಿ ಒಬ್ಬನೇ. ಓಡಿ ಹೋಗಿ ನೋಡಿದರೆ ವೇದಿಕೆಯ ಮೇಲೆ ವೈಕುಂಠ, ಸೂರ, ಅಕ್ಷಯಾ. ಹಿಂದೆ ‘ತೂಫಾನ್’ ಎಂಬ ದೊಡ್ಡ ಬ್ಯಾನರು.

“ನೀವೆಲ್ಲ ಒಟ್ಟಾದ್ದ್ ಯಾವಾಗ?” ಎಂದ ಹೃಷಿಕೇಶ. ಗಿಟಾರಿನ ಚೀಲ ಬಿಚ್ಚುತ್ತ ಮೆಟ್ಟಿಲು ಹತ್ತಿದ. “ನಾನೂ ಬಾರ್ಸ್ತೆ.”

ರಾಜೀವ ಗಿಟಾರು ಮೆಲ್ಲಗೆ ತೆಗೆದುಕೊಂಡು ಅವನನ್ನು ಕುರ್ಚಿಯಲ್ಲಿ ಕೂರಿಸಿದ. ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟ. “ಬೆಳಿಗ್ಗೆ ಅದನ್ನೇ ಹೇಳುಕ್ ಹೊರಟದ್ದ್. ನೀವ್ ಫೋನ್ ಇಟ್ರಿ.”

ವೈಕುಂಠ ಡ್ರಮ್ಮು ಬಿಟ್ಟು ಬಂದು ಶಾಲು ಬಿಡಿಸಿದ. ನೇರಳೆ ಬಣ್ಣ, ಸುಟ್ಟ ಮೂಲೆ. “ನಿಮ್ದೇ ಅಣ್ಣ. ಜೋಪಾನ ಮಾಡಿ ಇಟ್ಟಿದ್ದೆ,” ಎಂದು ಹೊದಿಸಿದ. ಅವನ ಕಣ್ಣು ಒದ್ದೆಯಾಗಿತ್ತು.

“ಇಷ್ಟು ವರ್ಷ ಸೇವೆ ಸಲ್ಲಿಸಿದವರು,” ಎಂದಳು ಅಕ್ಷಯಾ ಮೈಕಿನಲ್ಲಿ.

ಆಮೇಲೆ ಹೃಷಿಕೇಶ ಕಟ್ಟಿದ ಮೊದಲ ಹಾಡನ್ನೇ ಹಾಡಿದರು. ಅವನಿದ್ದಾಗ ಅದು ಒಮ್ಮೆಯೂ ಅಷ್ಟು ಚೆಂದ ಬಂದಿರಲಿಲ್ಲ. ಎದ್ದು ಓಡಿಬಿಡುವ ಅನ್ನಿಸಿತು. ಆದರೆ ಸನ್ಮಾನ ಆದವನು ನಡುವೆ ಎದ್ದು ಹೋಗುವ ಕ್ರಮವೂ ನಮ್ಮ ಕಡೆ ಇಲ್ಲ. ಬುಟ್ಟಿ ತಬ್ಬಿಕೊಂಡು ಕೂತೇ ಇದ್ದ.