ಡೆಸ್ಮಂಡನ ಡಿಟೇಲಿಂಗು

ಎಲ್ಲ ಅನರ್ಥಕ್ಕೂ ಕಾರಣ ಒಂದು ದಪ್ಪ ಮೂತಿಯ ಪೆನ್ನು. ಯಾಂಬಾ ಎಂಬ ಕಡಲೂರಿನಲ್ಲಿ, ಹುಲ್ಲಿನ ಮೇಲೆ ಗುಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಲಾಟರಿಗೆ ಯಾರು ಯಾವ ಬಹುಮಾನ ಕೊಡುತ್ತಾರೆಂದು ಗೋಡೆಯ ಹಲಗೆಯ ಮೇಲೆ ಬರೆಯಬೇಕಿತ್ತು. ಡೆಸ್ಮಂಡ್ ಪಿಗಾಟನ ಸರದಿ ಬರುವಷ್ಟರಲ್ಲಿ ಪಕ್ಕದ ಮನೆಯ ಕ್ಲೈವ್ 'ತಟ್ಟೆ ತುಂಬ ಮಾಂಸ' ಎಂದೂ, ಅವನ ಹೆಂಡತಿ ನೋಲೀನ್ 'ಪಾವ್ಲೋವಾ ಕೇಕು, ಮೇಲೆ ಹಣ್ಣು' ಎಂದೂ ಬರೆದಾಗಿತ್ತು. ಅವುಗಳ ಕೆಳಗೆ 'ಕಾರು ತೊಳೆದುಕೊಡುವುದು' ಎಂದು ಬರೆದರೆ ಮದುವೆಮನೆಗೆ ಬನಿಯನ್ನಿನಲ್ಲಿ ಹೋದಂತೆ ಕಾಣುತ್ತದೆ ಎನ್ನಿಸಿತು. ಅತ್ತಿತ್ತ ನೋಡಿ, 'ಕಾರಿಗೆ ವೃತ್ತಿಪರ ಡಿಟೇಲಿಂಗ್' ಎಂದು ಬರೆದುಬಿಟ್ಟ. ಎರಡೂ ಒಂದೇ, ಎರಡನೆಯದು ಟೈ ಕಟ್ಟಿಕೊಂಡಿರುತ್ತದೆ, ಅಷ್ಟೇ ಎಂದು ಅವನ ತಿಳುವಳಿಕೆ.

ಲಾಟರಿಯಲ್ಲಿ ಅವನ ಬಹುಮಾನ ಬಂದದ್ದು ಐಲ್ಸಾ ಮೆಕ್ರೇ ಅವರಿಗೆ.

ಐಲ್ಸಾ ಕ್ಲಬ್ಬಿನ ಅಧ್ಯಕ್ಷೆ. ಆಟದ ಹುಲ್ಲನ್ನು ಹೆತ್ತ ಮಗುವಿನ ಹಾಗೆ ಸಾಕಿದವರು. ಉರುಳಿಸಬೇಕಾದ ಗುಂಡನ್ನು ಕೈಜಾರಿ ಹುಲ್ಲಿನ ಮೇಲೆ ಬೀಳಿಸಿದವರಿಗೆ ಒಂದು ತಿಂಗಳು ಆಟವಿಲ್ಲ ಎಂಬ ಕಾನೂನು ಅವರದೇ. ಅದಕ್ಕೆ ಮೊದಲು ಬಲಿಯಾದದ್ದು ಅವರ ಗಂಡ. ಭಾನುವಾರದ ಪಂದ್ಯಕ್ಕೆ ಆಟಗಾರರನ್ನು ಆರಿಸುವವರೂ ಅವರೇ. ಡೆಸ್ಮಂಡ್ ಕ್ಲಬ್ಬು ಸೇರಿದಂದಿನಿಂದ ಎಲ್ಲ ಪಂದ್ಯಗಳಿಗೂ ಚಹಾ ಕಾಸಿದ್ದ, ಒಂದನ್ನೂ ಆಡಿರಲಿಲ್ಲ. ಈ ಸಲ ತಂಡದಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ಅದನ್ನು ನೆನೆದು ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಐಲ್ಸಾ ತಮ್ಮ ಹಳೆಯ ಬಿಳಿ ಕಾರನ್ನು ತಂದು ಅವನ ಅಂಗಳದಲ್ಲಿ ನಿಲ್ಲಿಸಿದರು.

"ಹಂಫ್ರಿ ಹೋದ್ಮೇಲೆ ಇದಕ್ಕೆ ಕೈ ಹಾಕೋಕೇ ಮನಸ್ಸಾಗಿಲ್ಲ ಕಣಪ್ಪ," ಎಂದರು. ಹಂಫ್ರಿ ಅವರ ನಾಯಿ, ಬೇಸಿಗೆಯಲ್ಲಿ ತೀರಿಕೊಂಡಿತ್ತು. "ಸಂಜೆ ಕ್ಲಬ್ಬಿಗೆ ತಗೊಂಡು ಬಾ. ಎಲ್ಲರೂ ನೋಡ್ಲಿ. ಆಮೇಲೆ ನಾಳೆ ಆಡೋರ ಹೆಸರು ಓದ್ತೀನಿ."

ಮತ್ತೇನೋ ಹೇಳಲು ಬಾಯಿ ತೆರೆದವರು, ಕಾರಿನತ್ತ ನೋಡಿ, ಹೇಳದೆಯೇ ಹೊರಟುಹೋದರು.

ಡೆಸ್ಮಂಡ್ ಬಕೆಟ್ಟು, ಸ್ಪಂಜು, ಕೊಳವೆ ಹಿಡಿದು ಇಳಿದ. ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು. ಬೇಲಿಯಾಚೆ ಮಡಚುವ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಕ್ಲೈವ್ ಕೆಮ್ಮಿದ.

"ಮುಗೀತಾ?"

"ಮುಗೀತು. ಹೊಳೀತಾ ಇಲ್ವಾ?"

"ಹೊಳೀತಿದೆ. ತೊಳೆದ್ರೆ ಯಾವ ಕಾರಾದ್ರೂ ಹೊಳೆಯತ್ತೆ. ಆದ್ರೆ ನೀನು ಬರ್ದಿದ್ದು ತೊಳೀತೀನಿ ಅಂತ ಅಲ್ವಲ್ಲ ಮಾರಾಯ?"

"ಎರಡೂ ಒಂದೇ ಅಲ್ವಾ?"

ಕ್ಲೈವ್ ಕುರ್ಚಿಯ ಸಮೇತ ನಕ್ಕ. "ನೋಲೀನ್! ಬೇಗ ಬಾ ಇಲ್ಲಿ! ಇವ್ನು ಐಲ್ಸಾ ಕಾರಿಗೆ ಸ್ನಾನ ಮಾಡ್ಸಿ, ಮುಗೀತು ಅಂತಿದಾನೆ!"

ಡೆಸ್ಮಂಡ್ ಸ್ಪಂಜು ಕೆಳಗಿಟ್ಟು, ಊರಿನಲ್ಲಿ ನಿಜವಾಗಿಯೂ ಈ ಕೆಲಸ ಮಾಡುವ ಹೆಂಗಸಿಗೆ ಫೋನು ಮಾಡಿದ.

"ಇವತ್ತು ಸಂಜೆಗಾ? ತಮಾಷೆ ಮಾಡ್ತಿದೀರಾ?" ಎಂದಳು ಆಕೆ. "ಮುಂದಿನ ತಿಂಗಳು ನೋಡೋಣ."

"ಅಂಥಾದ್ದೇನಿರತ್ತೆ ಅದ್ರಲ್ಲಿ?"

"ನೋಡಿ, ತೊಳೆದ್ರೆ ಮೇಲಿನ ಕೊಳೆ ಹೋಗತ್ತೆ. ನಾನು ಕೆಲಸ ಮಾಡಿದ್ರೆ ಆ ಕಾರಲ್ಲಿ ಯಾರಾದ್ರೂ ಕೂತಿದ್ರು ಅನ್ನೋ ಗುರುತೇ ಹೋಗತ್ತೆ. ಸೀಟಿನ ಹೊಲಿಗೆ, ಗಾಳಿ ಬರೋ ಕಿಂಡಿ, ಗಾಜಿನ ಅಂಚು, ಒಂದೂ ಬಿಡೋ ಹಾಗಿಲ್ಲ."

ಡೆಸ್ಮಂಡ್ ಫೋನಿಟ್ಟು ಕಾರಿನ ಬಾಗಿಲು ತೆರೆದ. ಒಳಗೆ ಸೀಟು ಯಾವುದು, ಹಂಫ್ರಿಯ ಕೂದಲು ಯಾವುದು ಎಂದು ಬೇರೆ ಮಾಡುವಂತಿರಲಿಲ್ಲ.

ಅಷ್ಟರಲ್ಲಿ ನೋಲೀನ್ ಒಂದು ಕೈಯಲ್ಲಿ ವಿನಿಗರ್ ಬಾಟಲಿ, ಇನ್ನೊಂದರಲ್ಲಿ ಹಲ್ಲುಜ್ಜುವ ಬ್ರಷ್ಷು ಹಿಡಿದು ಬೇಲಿ ದಾಟಿ ಬಂದಳು. "ಹೊಲಿಗೆ ಸಂದಿಗೆಲ್ಲ ಇದೇ ಆಗ್ಬೇಕು."

"ಅದು ನನ್ನ ಬ್ರಷ್ಷಲ್ವೇನೇ?" ಎಂದ ಕ್ಲೈವ್.

"ಆಗಿತ್ತು," ಎಂದಳು ನೋಲೀನ್.

ಹೊರಮೈಗೆ ಡೆಸ್ಮಂಡ್ ಮೇಣ ಹಚ್ಚಿದ. ಅದು ಒಣಗುವವರೆಗೆ ಒಳಗಿನ ಕಿಂಡಿಗಳನ್ನು ನೋಡೋಣವೆಂದು ಬಗ್ಗಿದಾಗ ಬೆನ್ನ ಹಿಂದೆ ಏನೋ ಗುಡುಗಿತು. ಕ್ಲೈವ್ ತರಗೆಲೆ ಊದುವ ಯಂತ್ರ ಹೊತ್ತು ತಂದಿದ್ದ.

"ಬೇಡ ಕ್ಲೈವ್, ನಿನ್ನ ದಮ್ಮಯ್ಯ!"

"ನೀನು ಸುಮ್ನಿರು, ಒಂದೇ ಊದು!"

ಒಂದೇ ಊದು. ಹಂಫ್ರಿಯ ಜೀವಮಾನದ ಕೂದಲೆಲ್ಲ ಆಚೆ ಬಾಗಿಲಿನಿಂದ ಮೋಡದಂತೆ ಎದ್ದು, ಅಂಗಳದ ಮೇಲೊಂದು ಸುತ್ತು ಹಾಕಿ, ಹಸಿ ಮೇಣದ ಮೇಲೆ ಬಂದು ಕೂತಿತು. ಬಿಳಿ ಕಾರು ನೋಡನೋಡುತ್ತಿದ್ದಂತೆ ಕಂದು ನಾಯಿಯಾಯಿತು. ಸತ್ತ ಹಂಫ್ರಿ ಮರಳಿ ಬಂದು, ಕಾರಿನಷ್ಟೆತ್ತರ ಬೆಳೆದು, ನಾಲ್ಕು ಚಕ್ರ ಊರಿ ನಿಂತಂತಿತ್ತು.

"ಬಾಲ ಒಂದು ಬಾಕಿ," ಎಂದು ಹೇಳಿ ಕ್ಲೈವ್ ಮೆಲ್ಲಗೆ ಬೇಲಿಯಾಚೆ ಸರಿದ.

ಆಮೇಲಿನದನ್ನು ಡೆಸ್ಮಂಡ್ ನೆನೆಯಲು ಇಷ್ಟಪಡುವುದಿಲ್ಲ. ಒಂದೊಂದೇ ಕೂದಲು ಕಿತ್ತ. ಮೇಣ ತೆಗೆದು ಮತ್ತೆ ಹಚ್ಚಿದ. ಕ್ಲೈವನ ಬ್ರಷ್ಷಿನಿಂದ ಹೊಲಿಗೆ ಹೊಲಿಗೆಯನ್ನೂ ಉಜ್ಜಿದ. ನೋಲೀನ್ ಸಹಾಯಕ್ಕೆಂದು ಬಾಟಲಿಯನ್ನೇ ಸೀಟಿನ ಮೇಲೆ ಬಗ್ಗಿಸಿದ್ದರಿಂದ ಕಾರು ವಿನಿಗರ್ ಸುರಿದು ಕೊಡುವ ಮೀನು-ಚಿಪ್ಸ್ ಅಂಗಡಿಯಂತೆ ನಾರತೊಡಗಿ, ಎರಡು ಕಡಲಹಕ್ಕಿಗಳು ಬಂದು ಛಾವಣಿಯ ಮೇಲೆ ಊಟಕ್ಕೆ ಕಾದು ಕೂತವು. ಅವನ್ನು ಓಡಿಸಿ, ವಾಸನೆ ಹೋಗಲೆಂದು ಹಿಂದಿನ ಎಡಗಡೆಯ ಕಿಟಕಿಯನ್ನು ಪೂರ್ತಿ ಕೆಳಗಿಳಿಸಿದ. ಉಳಿದ ಗಾಜುಗಳನ್ನು ಕನ್ನಡಿಯಂತೆ ಒರೆಸಿ ಮುಗಿಸುವ ಹೊತ್ತಿಗೆ ಅವನ ಬೆರಳುಗಳು ಕ್ಲೈವನ ತಟ್ಟೆಯ ಸಾಸೇಜುಗಳಂತೆ ಊದಿಕೊಂಡಿದ್ದವು.

ಸಂಜೆ ಕ್ಲಬ್ಬಿನ ಮುಂದೆ ಎಲ್ಲರೂ ಕಾರನ್ನು ಮುತ್ತಿದರು. ಐಲ್ಸಾ ಬಿಳಿ ಉಡುಪಿನಲ್ಲಿ ಬಂದು, ಬಿಳಿ ಕರವಸ್ತ್ರ ತೆಗೆದು, ಕಿಂಡಿಯಲ್ಲಿ ತೂರಿಸಿ ನೋಡಿದರು. ಬಿಳಿ. ಸೀಟಿನಡಿ ಒರೆಸಿ ನೋಡಿದರು. ಅಲ್ಲೂ ಬಿಳಿ. ಡೆಸ್ಮಂಡನ ಎದೆ ಉಬ್ಬಿತು.

"ನಾನೂ ಸ್ವಲ್ಪ ಊದಿದೀನಿ," ಎಂದ ಕ್ಲೈವ್.

"ಈ ಕಿಟಕಿ ಯಾಕೆ ತೆಗೆದಿದೆ, ಥಂಡಿ ಗಾಳಿ," ಎನ್ನುತ್ತ ಐಲ್ಸಾ ಹಿಂದಿನ ಬಾಗಿಲಿನಲ್ಲಿದ್ದ, ಕಿಟಕಿ ಏರಿಸುವ ಹಿಡಿಯನ್ನು ತಿರುಗಿಸತೊಡಗಿದರು. ಬಾಗಿಲಿನ ಹೊಟ್ಟೆಯೊಳಗಿಂದ ಗಾಜು ಮೆಲ್ಲಗೆ ಮೇಲೆದ್ದಿತು. ಡೆಸ್ಮಂಡನಿಗೆ ಆಗ ಹೊಳೆಯಿತು: ಗಾಜುಗಳನ್ನೆಲ್ಲ ಒರೆಸುವಾಗ ಇದೊಂದು ಒಳಗೇ ಅಡಗಿ ಕೂತಿತ್ತು. ಮೊದಲು ಮಬ್ಬು ಅಂಚು ಬಂತು. ಆಮೇಲೆ ಒಂದು ದುಂಡನೆಯ ಜಿಡ್ಡು. ಪಕ್ಕದಲ್ಲಿ ಇನ್ನೊಂದು. ಆಮೇಲೆ ನಾಲಗೆ ಎಳೆದ ಉದ್ದನೆಯ ಗೆರೆ. ಗಾಜು ಪೂರ್ತಿ ಏರಿದಾಗ ಅದರ ತುಂಬ ಹಂಫ್ರಿಯ ಮೂಗಿನ ಗುರುತುಗಳಿದ್ದವು.

ನೋಲೀನ್ ಕಣ್ಣು ಮುಚ್ಚಿಕೊಂಡಳು.

ಐಲ್ಸಾ ಗಾಜನ್ನೇ ನೋಡುತ್ತ ನಿಂತರು. ಕನ್ನಡಕ ತೆಗೆದರು. ಆ ಕರವಸ್ತ್ರದಿಂದಲೇ ಕಣ್ಣೊರೆಸಿಕೊಂಡರು.

"ಇದನ್ನ ಬಿಟ್ಟಿದೀಯಲ್ಲೋ!" ಎಂದರು. "ಬೆಳಿಗ್ಗೆ ಹೇಳೋಣ ಅಂದ್ಕೊಂಡೆ, ನಾಚಿಕೆಯಾಯ್ತು. ನಾಯಿ ಮೂಗಿನ ಗುರುತು ಅಳಿಸ್ಬೇಡ ಅಂತ ಹೇಗಪ್ಪಾ ಹೇಳೋದು? ಮಧ್ಯಾಹ್ನ ಎಲ್ಲ ಅತ್ಕೊಂಡೇ ಕಳೆದೆ. ಬೇರೆ ಯಾರಾದ್ರೂ ಆಗಿದ್ರೆ ಒರೆಸಿ ಹಾಕ್ತಿದ್ರು. ನೀನು ಉಳಿದಿದ್ದೆಲ್ಲ ತೆಗ್ದು ಇದೊಂದನ್ನ ಉಳಿಸಿದೀಯ."

ಕ್ಲೈವ್ ಬಾಯಿ ತೆರೆದ. ನೋಲೀನ್ ಅವನ ಕಾಲು ತುಳಿದಳು. ಡೆಸ್ಮಂಡ್ ತಲೆ ಬಗ್ಗಿಸಿ, ಇಂಥ ಸಮಯದಲ್ಲಿ ಮಾತಾಡದಿರುವುದೇ ವಿನಯವೆಂದು ತೀರ್ಮಾನಿಸಿದ.

"ನಾಳೆ ನೀನು ಆಡ್ತಿದೀಯ," ಎಂದರು ಐಲ್ಸಾ. ಚಪ್ಪಾಳೆ ಬಿತ್ತು. ಅವನ ಕೈ ಹಿಡಿದು ಹುಲ್ಲಿನ ಅಂಚಿಗೆ ಕರೆದೊಯ್ದು, ತಮ್ಮದೇ ಗುಂಡನ್ನು ಅವನ ಅಂಗೈಗಿಟ್ಟರು. "ಬಾ, ಒಂದು ಉರುಳಿಸಿ ತೋರ್ಸು."

ಡೆಸ್ಮಂಡ್ ಬೆರಳು ಮಡಚಲು ನೋಡಿದ. ಊದಿದ ಬೆರಳು ಮಡಚಲಿಲ್ಲ.

ಧಪ್ ಎಂದಿತು. ಹೆತ್ತ ಮಗುವಿನಂಥ ಹುಲ್ಲಿನಲ್ಲಿ ಬಟ್ಟಲಿನಷ್ಟು ಕುಳಿ ಬಿತ್ತು.

ಐಲ್ಸಾ ಕುಳಿಯನ್ನು ನೋಡಿದರು, ಡೆಸ್ಮಂಡನನ್ನು ನೋಡಿದರು. ಕಣ್ಣಲ್ಲಿನ್ನೂ ನೀರಿತ್ತು. "ಒಂದು ತಿಂಗಳು," ಎಂದರು. "ಗಂಡನ್ನೇ ಬಿಟ್ಟಿಲ್ಲ ಕಣಪ್ಪ, ನಿನ್ನ ಹೇಗೆ ಬಿಡ್ಲಿ? ಕ್ಲೈವ್, ನಾಳೆ ನೀನು ಆಡು."

ಡೆಸ್ಮಂಡ್ ಚಹಾದ ಪಾತ್ರೆಯ ಬಳಿಗೆ ಹೋಗಿ, ಬೆಚ್ಚಗಿನ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂತ. ದುಃಖವಾಗಬೇಕಿತ್ತು. ಆದರೆ ಬಿಗಿ ಬೂಟು ಕಳಚಿದಂತೆ ಮೈಯೆಲ್ಲ ಹಗುರವಾಗಿತ್ತು. ಆ ಗಾಜಿನ ಗುಟ್ಟು ಐಲ್ಸಾ ಅವರಿಗೆ ತಿಳಿದಿರಲಿಲ್ಲ, ಇನ್ನು ತಿಳಿಯುವುದೂ ಇಲ್ಲ. ಕಾರು ತೊಳೆಯುವ ಕೆಲಸವಂತೂ ಈ ಜನ್ಮಕ್ಕೆ ಮುಗಿಯಿತು.

ಐಲ್ಸಾ ಬಂದು ಪಕ್ಕದಲ್ಲಿ ಕೂತು, ಅವನ ಭುಜ ತಟ್ಟಿದರು.

"ಹೇಗೂ ಒಂದು ತಿಂಗಳು ನಿಂಗೆ ಬಿಡುವು. ನಮ್ಮ ತಂಗೀದು ದೊಡ್ಡ ವ್ಯಾನಿದೆ. ಅವಳಿಗೆ ಮೂರು ಬೆಕ್ಕಿದ್ವು, ಮೂರೂ ಹೋದ್ವು. ನಾಳೆ ಬೆಳಿಗ್ಗೇನೇ ಕಳಿಸ್ತೀನಿ. ಏನೇನು ಉಳಿಸ್ಬೇಕು ಅಂತ ನಿಂಗೆ ಯಾರೂ ಹೇಳೋದೇ ಬೇಡ."