ಸಂಗೀತ ನಾಟಕದ ಡಿಗ್ರಿಗೆ ನಮ್ಮ ಮನೆಯ ತಯಾರಿ

ನಮ್ಮ ಮನೆಯಲ್ಲಿ ಯಾವ ಗಂಭೀರ ಕಾರ್ಯವೂ ಗಂಭೀರವಾಗಿ ಮುಗಿದ ಉದಾಹರಣೆಯಿಲ್ಲ. ನಾನು ಏಳನೆಯ ತರಗತಿಯವರೆಗೆ ಮಾತ್ರ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಸಂಕೋಚ. ಆದುದರಿಂದ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ.

ಅದು ಕೊರೊನಾ ಕಾಲ. ಡಚ್ಚರ ನಾಡಿನ ಜೂಟರ್‌ಮೀರ್ ಊರಿನ ನಮ್ಮ ಫ್ಲ್ಯಾಟಿನಲ್ಲಿ ಯಜಮಾನರ ಆಫೀಸು ಮಲಗುವ ಕೋಣೆಯಲ್ಲಿ, ಮಗಳ ಶಾಲೆ ಊಟದ ಮೇಜಿನ ಮೇಲೆ. ಹಾಡು, ಕುಣಿತ, ಅಭಿನಯ ಮೂರನ್ನೂ ಒಟ್ಟಿಗೆ ಕಲಿಸುವ ಸಂಗೀತ ನಾಟಕದ ಡಿಗ್ರಿಯನ್ನೇ ಓದುವೆನೆಂದು ಮಗಳು ಹಟ ಹಿಡಿದಳು. ಯಜಮಾನರು ಷರತ್ತು ವಿಧಿಸಿದರು.

"ಒಂದೇ ಒಂದು ಚಾನ್ಸ್. ಈ ವರ್ಷ ಸೀಟ್ ಸಿಗಲಿಲ್ಲ ಅಂದ್ರೆ ಎನ್ಸ್‌ಕೆಡೆ ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್. ಆಮೇಲೆ ಮಾತಿಲ್ಲ."

೧. ಓಪನ್ ಡೇ

ಯಾವ ಕಾಲೇಜು ಉತ್ತಮವೆಂದು ತೀರ್ಮಾನಿಸಲು ಯಜಮಾನರು ಎಕ್ಸೆಲ್ಲಿನಲ್ಲಿ ದೊಡ್ಡದೊಂದು ಪಟ್ಟಿ ತಯಾರಿಸಿದರು. ಹದಿನಾಲ್ಕು ಕಾಲಂ. ಹದಿಮೂರು ತುಂಬಿದವು; 'ಕ್ಯಾಂಪಸ್ ಪ್ಲೇಸ್‌ಮೆಂಟ್' ಎಂಬುದೊಂದು ಖಾಲಿ ಉಳಿಯಿತು.

ಮಗಳಿಗೆ ಬಹಳ ಇಷ್ಟವಾದ ಕಾಲೇಜಿನ ಓಪನ್ ಡೇ, ಎಂದರೆ ಸೇರಬಯಸುವವರಿಗೆ ಕಾಲೇಜಿನ ಪರಿಚಯ ಮಾಡಿಸುವ ದಿನ, ಆ ವರ್ಷ ಲ್ಯಾಪ್‌ಟಾಪಿನಲ್ಲಿ ನಡೆಯಿತು. ಯಜಮಾನರು ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪಂಚೆ ಧರಿಸಿ ಕುಳಿತು, ಮೊದಲನೆಯವರಾಗಿ ಕೈ ಎತ್ತಿ ಪ್ಲೇಸ್‌ಮೆಂಟ್ ಎಷ್ಟೆಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು.

ಕಾಲೇಜಿನ ಪರವಾಗಿ ಮಾತನಾಡುತ್ತಿದ್ದ ಮೇಷ್ಟರು ಪ್ರಾಮಾಣಿಕರು. "ಥಿಯೇಟರುಗಳೆಲ್ಲ ಮುಚ್ಚಿವೆ. ನನ್ನ ಮೂವರು ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಳು ಟ್ಯುಲಿಪ್ ಹೂವಿನ ಗೆಡ್ಡೆಗಳನ್ನು ಪೊಟ್ಟಣ ಕಟ್ಟುತ್ತಿದ್ದಾಳೆ, ಒಬ್ಬ ಮನೆಮನೆಗೆ ದಿನಸಿ ತಲುಪಿಸುತ್ತಿದ್ದಾನೆ, ಇನ್ನೊಬ್ಬ ಕೊರೊನಾ ಪರೀಕ್ಷೆಗೆ ಜನರ ಮೂಗಿನಲ್ಲಿ ಕಡ್ಡಿ ಆಡಿಸುತ್ತಿದ್ದಾನೆ" ಎಂದರು.

ಯಜಮಾನರ ಮುಖ ಬಾಡಿತು. ಮಗಳು ಮಾತ್ರ ಚಪ್ಪಾಳೆ ತಟ್ಟಿದಳು.

"ಅಪ್ಪಾ, ಮೂರಕ್ಕೆ ಮೂರು! ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್!"

೨. ಕೆಳಗಿನ ಮನೆಯ ಪೊರಕೆ

ಪ್ರವೇಶ ಪರೀಕ್ಷೆಗೆಂದು ಮಗಳು ಹಜಾರದಲ್ಲಿಯೇ ಕುಣಿತದ ಅಭ್ಯಾಸ ಆರಂಭಿಸಿದಳು. ಎರಡನೆಯ ದಿನವೇ ಕೆಳಗಿನ ಮನೆಯ ಡಚ್ ಅಜ್ಜಿ ಪೊರಕೆಯ ಕೋಲಿನಿಂದ ತಮ್ಮ ಸೂರಿಗೆ ಕುಟ್ಟತೊಡಗಿದರು. ಗಲಾಟೆಗೆ ಬಯ್ಯುತ್ತಿದ್ದಾರೆಂದೇ ನಾವು ತಿಳಿದೆವು. ನಾನು ಕೋಡುಬಳೆ ಕರಿದು ಕೊಟ್ಟೆ. ಮಗಳು ಅದನ್ನು ಅಜ್ಜಿಯ ಬಾಗಿಲಿನ ಮುಂದಿಟ್ಟು, ಒಂದೂವರೆ ಮೀಟರ್ ಹಿಂದೆ ಸರಿದು ನಿಂತು, ಕ್ಷಮೆ ಕೇಳಿದಳು.

ಅಜ್ಜಿ ಕೋಡುಬಳೆಯನ್ನು ತಿರುಗಿಸಿ ನೋಡುತ್ತ, "ನಾನು ಬಯ್ಯಲಿಲ್ಲ. ತಾಳ ಹಾಕಿದೆ. ನಿನ್ನ ಎಡಗಾಲು ಪ್ರತಿ ಸಲವೂ ತಡವಾಗಿ ಬೀಳುತ್ತಿದೆ" ಎಂದರಂತೆ.

ಅಂದಿನಿಂದ ಪೊರಕೆಯ ಸದ್ದು ಬಾರದಿದ್ದರೆ ಯಜಮಾನರೇ ಮೀಟಿಂಗ್ ಮ್ಯೂಟ್ ಮಾಡಿ, "ಯಾಕೆ, ಟೀಚರ್ ಇವತ್ತು ಲೀವಾ?" ಎನ್ನುತ್ತಿದ್ದರು.

೩. ಪರೀಕ್ಷೆಯ ಬೆಳಿಗ್ಗೆ

ಪ್ರವೇಶ ಪರೀಕ್ಷೆಯೂ ಲ್ಯಾಪ್‌ಟಾಪಿನಲ್ಲಿಯೇ ನಡೆಯುವುದಿತ್ತು. ಆಯುಧಪೂಜೆಯಂದು ಕಾರಿಗೂ ಬಟ್ಟೆ ಒಗೆಯುವ ಯಂತ್ರಕ್ಕೂ ಕುಂಕುಮವಿಡುವವಳು ನಾನು. ಮಗಳ ಭವಿಷ್ಯವನ್ನೇ ಹೊತ್ತ ಯಂತ್ರವನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಊದುಬತ್ತಿ ಬೆಳಗಿ, ಒದ್ದೆ ಬೆರಳಿನಿಂದ ತೆಳ್ಳಗೆ ಕುಂಕುಮ ಹಚ್ಚಿ ಕೈಮುಗಿದೆ.

ಮಗಳು ಅವಸರದಲ್ಲಿ ಬಂದು ಕುಳಿತಳು. ಮೂವರು ಪರೀಕ್ಷಕರು ಕಾಣಿಸಿಕೊಂಡರು. ಅವಳು ಹಾಡಲು ಆರಂಭಿಸಿ, ಮೂಲೆಯಲ್ಲಿದ್ದ ತನ್ನದೇ ಚಿತ್ರವನ್ನು ನೋಡಿಕೊಂಡಳು. ಮೈಯೆಲ್ಲ ಕೆಂಪು. ಗೋಡೆ ಕೆಂಪು, ಸೋಫಾ ಕೆಂಪು. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ನಾನೂ ಕೆಂಪು. ಗಾಬರಿಯಿಂದ ಅವಳ ಧ್ವನಿ ನಡುಗಿತು. ಆದರೂ ಕಡೆಯವರೆಗೆ ಹಾಡಿದಳು, ಕುಣಿದಳು. ಪರೀಕ್ಷಕರು ಏನನ್ನೋ ಬರೆದುಕೊಂಡು ಹೊರಟುಹೋದರು.

"ಅಮ್ಮಾ, ಹೋಗಿ ಹೋಗಿ ಕ್ಯಾಮೆರಾಗೆ ಯಾಕಮ್ಮಾ ಕುಂಕುಮ ಇಟ್ಟೆ?" ಎಂದು ಮಗಳು ಅತ್ತಳು.

ನನಗೂ ಅಳು ಬಂದಿತು. "ಅದರ ಹಣೆ ಅಲ್ಲೇ ಇತ್ತಲ್ಲೇ!" ಎಂದೆ.

೪. ಖಾಲಿ ಉಳಿದ ಕಾಲಂ

ಫಲಿತಾಂಶಕ್ಕೆ ಕಾದ ಆ ಎರಡು ವಾರ ನಾನು ಕುಂಕುಮದ ಭರಣಿಯ ಕಡೆಗೆ ನೋಡಲೂ ಅಂಜಿದೆ. ಯಜಮಾನರು ಎನ್ಸ್‌ಕೆಡೆಯ ಅರ್ಜಿಯನ್ನು ಪ್ರಿಂಟ್ ತೆಗೆದು, ಪೆನ್ನು ಸಮೇತ ಮೇಜಿನ ಮೇಲಿಟ್ಟರು.

ಅರ್ಜಿಗೆ ಸಹಿ ಬೀಳಬೇಕಿದ್ದ ದಿನವೇ ಕಾಲೇಜಿನ ಪತ್ರ ಬಂದಿತು. ಮಗಳು ಓದುತ್ತ ಓದುತ್ತ ಸೋಫಾದ ಮೇಲೆ ಹತ್ತಿ ಕುಣಿಯತೊಡಗಿದಳು. ಸೀಟು ಸಿಕ್ಕಿತ್ತು! 'ಧ್ವನಿಯ ಆ ನಡುಕದಲ್ಲಿ ನಿಜವಾದ ಭಯವಿತ್ತು. ಕೆಂಪು ಬೆಳಕು ಅಪೂರ್ವ. ಬಾಗಿಲಿನ ಸಂದಿಯಿಂದ ಇಣುಕುವ ತಾಯಿಯ ಪಾತ್ರ ಮರೆಯಲಾಗದು' ಎಂದು ಪರೀಕ್ಷಕರು ಬರೆದಿದ್ದರು. ಕೆಳಗಿನಿಂದ ಪೊರಕೆ ಎರಡು ಬಾರಿ ಕುಟ್ಟಿತು. ಸೋಫಾದ ಮೇಲಿನ ಕುಣಿತದಲ್ಲಿಯೂ ಎಡಗಾಲು ತಡವಾಗಿತ್ತೆಂದು ಕಾಣುತ್ತದೆ.

ವಾರದೊಳಗೆ ಕಾಲೇಜಿನ ರಂಗಬೆಳಕಿನ ವಿಭಾಗದ ಮೇಷ್ಟರು ಫೋನು ಮಾಡಿದರು. ಪ್ರೇಕ್ಷಕರನ್ನು ಒಳಗೆ ಬಿಡುವಂತಿಲ್ಲವಾದ್ದರಿಂದ ಅವರು ನಾಟಕಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಿದ್ದರು. ಮಗಳ ಪರೀಕ್ಷೆಯಲ್ಲಿ ಕಂಡಂಥ ಕೆಂಪು ಯಾವ ಅಂಗಡಿಯಲ್ಲಿಯೂ ಸಿಗಲಿಲ್ಲವಂತೆ. ಅದನ್ನು ಮಾಡಿದ ತಜ್ಞರು ಬುಧವಾರಗಳಂದು ಬಿಡುವಾಗಿರುವರೇ, ಸಂಬಳವೆಷ್ಟು ತೆಗೆದುಕೊಳ್ಳುವರು ಎಂದು ವಿಚಾರಿಸಿದರು.

ಯಜಮಾನರು ಫೋನು ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅನಂತರ ಎಕ್ಸೆಲ್ ತೆರೆದು, ಖಾಲಿ ಉಳಿದಿದ್ದ ಹದಿನಾಲ್ಕನೆಯ ಕಾಲಮಿನಲ್ಲಿ ಏನನ್ನೋ ಒತ್ತಿದರು.

"ಪ್ಲೇಸ್‌ಮೆಂಟ್ ಆಯ್ತು. ಕೋರ್ಸ್ ಶುರುವಾಗೋಕ್ ಮುಂಚೇನೇ" ಎಂದರು.

"ಮಗಳಿಗಾ ರೀ?"

"ಅಲ್ಲ ಕಣೆ, ನಿನಗೆ."