ಕಾಲು ಮುಂದಾಗಿ ಹುಟ್ಟಿದ ತಪ್ಪಿಗೆ

ನಮ್ಮ ಕಡೆ ಯಾರ ಸೊಂಟ ಉಳುಕಿದರೂ ಅದು ನನ್ನ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಕಾರಣ, ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಬೆನ್ನಿಗೆ ಒದ್ದರೆ ಉಳುಕು ಬಿಡುತ್ತದಂತೆ. ನಾನು ಎಂಎಸ್ಸಿ ಓದಿ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಆದರೆ ನಮ್ಮಮ್ಮ ಊರಿಗೆಲ್ಲ ಸಾರಿದ್ದು ಹುಟ್ಟಿದ ಸುದ್ದಿಯನ್ನು, ಓದಿದ ಸುದ್ದಿಯನ್ನಲ್ಲ.

ಗೂಡಿನ ಮೂಟೆ

ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರು ಮೂಟೆ ಎತ್ತಲು ಬಗ್ಗಿದವರು, ಬಗ್ಗಿದ ಹಾಗೇ ನನ್ನ ಮನೆಗೆ ಬಂದರು.

"ಮೂಳೆಗೆ ಮೂಳೆ ಹಿಡಿದಿಡುವ ನಾರು ಜಗ್ಗಿದೆ. ಒದ್ದರೆ ಇನ್ನೂ ಹರಿಯುತ್ತದೆ," ಎಂದೆ.

"ಪಾಠ ಆಮೇಲೆ ಮಾಡಿ ಸಾರ್, ಮೊದ್ಲು ಒದೀರಿ."

ನನಗೆ ರೇಗಿತು. ಮೌಢ್ಯ, ಅಜ್ಞಾನ ಎಂದು ಕಾಲು ಗಂಟೆ ಬೈದು ಕಳಿಸಿದೆ. ನಾಲ್ಕು ದಿನ ಮಲಗಿದರು, ನೋವು ತಾನಾಗಿ ಹೋಯಿತು. ಫೋನ್ ಮಾಡಿದರು: "ಬರೀ ಬೈದಿದ್ದಕ್ಕೇ ಇಷ್ಟು ಗುಣ ಸಾರ್. ಒದ್ದಿದ್ರೆ ಅಲ್ಲೇ ಎದ್ದು ನಿಂತ್ಕೊಂಡ್‌ಬಿಡ್ತಿದ್ದೆ!"

ಬಿಜಾಗರಿ ಪಾಠ

ಕೀಲುಗಳ ಪಾಠಕ್ಕೆ ಅಸ್ಥಿಪಂಜರದ ಮಾದರಿ ಬೇಕೆಂದು ಎರಡು ವರ್ಷದಿಂದ ಪ್ರಿನ್ಸಿಪಾಲರಿಗೆ ಅರ್ಜಿ ಕೊಡುತ್ತಿದ್ದೆ. "ಬೋರ್ಡ್ ಮೇಲೆ ಬರೀರಿ," ಎನ್ನುತ್ತಿದ್ದರು. ಕೊನೆಗೆ ತರಗತಿಯ ಬಾಗಿಲನ್ನೇ ತೆರೆದು ಮುಚ್ಚಿ ತೋರಿಸಿದೆ. ಮೊಣಕಾಲು ಈ ಬಿಜಾಗರಿಯಂತೆ, ಒಂದೇ ದಿಕ್ಕಿಗೆ ಮಡಚುತ್ತದೆ. ತೊಡೆಯ ಕೀಲು ಒರಳಿನೊಳಗಿನ ಗುಂಡಿನಂತೆ, ಎಲ್ಲ ಕಡೆಗೂ ತಿರುಗುತ್ತದೆ. ಒದೆಯುವಾಗ ಎರಡೂ ಕೆಲಸ ಮಾಡುತ್ತವೆ.

ಆ ಕೊನೆಯ ಮಾತು ಆಡಬಾರದಿತ್ತು. ಗೌರಿಬಿದನೂರಿನ ಹುಡುಗಿ ಕೈ ಎತ್ತಿದಳು. "ಸಾರ್, ನಮ್ಮಜ್ಜಿ ಹೊರಗೆ ಆಟೋದಲ್ಲಿ ಕೂತವ್ರೆ. ಪ್ರಾಕ್ಟಿಕಲ್ ತೋರಿಸ್ತೀರಾ?"

ಮುಚ್ಚಿದ ಬಾಗಿಲು

ಕಳೆದ ತಿಂಗಳು ಪ್ರಿನ್ಸಿಪಾಲರೇ ಕರೆಸಿದರು. ಬೀರುವಿನ ಕೆಳಗಿನ ಖಾನೆಯಿಂದ ಫೈಲು ತೆಗೆಯಲು ಹೋಗಿ ಸೊಂಟ ಹಿಡಿದುಕೊಂಡಿತ್ತು. ಬಾಗಿಲು ಹಾಕಿಸಿ ಮೆಲ್ಲಗೆ ಹೇಳಿದರು: "ನಂಗೂ ಇದ್ರಲ್ಲೆಲ್ಲ ನಂಬಿಕೆ ಇಲ್ಲ ಕಣ್ರೀ. ಆದ್ರೂ ಒಂದ್ಸಲ ಒದ್ದುಬಿಡಿ."

ಇಷ್ಟು ವರ್ಷ ಒಬ್ಬರಿಗೂ ಒದೆಯದೆ ಕಾಪಾಡಿಕೊಂಡ ಮಾನ ಒಂದು ಕಡೆ. ಒಂದು ಮೂಳೆಯನ್ನೂ ನೋಡದೆ ಪರೀಕ್ಷೆ ಬರೆಯುವ ಮಕ್ಕಳು ಇನ್ನೊಂದು ಕಡೆ.

"ಮೊದಲು ಅಸ್ಥಿಪಂಜರದ ಅರ್ಜಿಗೆ ಸಹಿ ಹಾಕಿ," ಎಂದೆ.

ಬಗ್ಗಿದಲ್ಲೇ ಹಾಕಿದರು. ನೋವಾಗದಂತೆ ಅವರ ಬೆನ್ನಿಗೆ ಪಾದ ಮುಟ್ಟಿಸಿದೆ.

"ಏನ್ರೀ, ಸವರ್ತಿದೀರಾ? ಜೋರಾಗಿ ಒದೀರಿ!" ಎಂದು ಕಿರುಚಿದರು.

ಕೂಗು ಕೇಳಿ ಅಟೆಂಡರ್ ಬಾಗಿಲು ತೆಗೆದ. ನನ್ನ ಕಾಲು ಇನ್ನೂ ಪ್ರಿನ್ಸಿಪಾಲರ ಬೆನ್ನ ಮೇಲಿತ್ತು. ಅವನು ಬಾಗಿಲೆಳೆದುಕೊಂಡು ಹೋದ. ಎರಡೇ ನಿಮಿಷಕ್ಕೆ ವಾಪಸ್ ಬಂದ.

"ಸಾರ್, ಸ್ಟಾಫ್‌ ರೂಮಲ್ಲಿ ಎಲ್ರೂ ತಾವೂ ಕಾಲು ಮುಂದಾಗೇ ಹುಟ್ಟಿದ್ದು ಅಂತಾವ್ರೆ. ಒಬ್ಬೊಬ್ರನ್ನೇ ಒಳಗೆ ಕಳಿಸ್ಲಾ?"